ಮ್ಯೂನಿಕ್ಕೋ ಮಿಲಾನೋ? ಓದಲು ಹೊರಟವರು ಊಟ-ತಿಂಡಿ, ರೀತಿ-ರಿವಾಜಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಾಸ್ಟರ್ಸ್ ಓದಿದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ನಡುವೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಇಟಲಿಯ ಮಿಲಾನ್‌ನಲ್ಲಿದ್ದೆ. ವೀಸಾ, ಬ್ಯಾಂಕ್ ಖಾತೆ, ಅರ್ಜಿಯ ಬಗ್ಗೆ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಆದರೆ ಫೋನ್ ಮಾಡುವ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಮ್ಮಂದಿರು, ಕೇಳುವುದು ಬೇರೆಯೇ ಪ್ರಶ್ನೆ: ಅಲ್ಲಿ ತಿನ್ನೋಕೆ ಏನು ಸಿಗುತ್ತೆ, ಜನ ಹೇಗೆ? ಅವನ್ನೇ ಇಲ್ಲಿ ಸೇರಿಸಿದ್ದೇನೆ.

ಈ ಎರಡು ಊರನ್ನೇ ಯಾಕೆ ಹೋಲಿಸುತ್ತೀರಿ?

ಎಂಜಿನಿಯರಿಂಗ್ ಮುಗಿಸಿದವರ ಅರ್ಜಿ ಪಟ್ಟಿಯಲ್ಲಿ ಇವೆರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ಕಡೆ 1868ರಲ್ಲಿ ಶುರುವಾದ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ, ಇನ್ನೊಂದು ಕಡೆ 1863ರ ಪೊಲಿಟೆಕ್ನಿಕೊ ದಿ ಮಿಲಾನೊ. ಮೊದಲು ಮ್ಯೂನಿಕ್‌ನಲ್ಲಿ ಫೀಸಿಲ್ಲ ಅಂತ ಕಣ್ಣು ಮುಚ್ಚಿ ಅದನ್ನೇ ಆರಿಸುವವರು ಜಾಸ್ತಿ ಇದ್ದರು. 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಆ ವಿಶ್ವವಿದ್ಯಾಲಯವೂ ಫೀಸು ಹಾಕಿದೆ. ಮಾಸ್ಟರ್ಸ್ ಆದರೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ಹಾಗಾಗಿ ಈಗ ಎರಡನ್ನೂ ತೂಗಿ ನೋಡುತ್ತಾರೆ.

ಇನ್ನೊಂದು ವಿಷಯ. ಈ ಊರುಗಳಿಗೆ ಪರಸ್ಪರ ಹಳೇ ಪರಿಚಯ ಇದೆ. ಆಲ್ಪ್ಸ್ ಬೆಟ್ಟದ ಆಚೆ ಒಂದು, ಈಚೆ ಒಂದು. ಎರಡನೇ ಮಹಾಯುದ್ಧದ ನಂತರ ಜರ್ಮನಿಗೆ ಕೆಲಸಗಾರರು ಬೇಕಾದಾಗ 1955ರಲ್ಲಿ ಇಟಲಿಯ ಜೊತೆ ಒಪ್ಪಂದವಾಯಿತು. ಬ್ರೆನ್ನರ್ ಕಣಿವೆ ದಾಟಿ ಬಂದ ಇಟಲಿಯ ಕೂಲಿಯವರ ರೈಲುಗಳು ನಿಲ್ಲುತ್ತಿದ್ದದ್ದು ಮ್ಯೂನಿಕ್ ಮುಖ್ಯ ನಿಲ್ದಾಣದ 11ನೇ ಪ್ಲಾಟ್‌ಫಾರ್ಮಿನಲ್ಲಿ. ಇವತ್ತು ಮ್ಯೂನಿಕ್‌ನ ಗಲ್ಲಿಗಲ್ಲಿಯಲ್ಲಿ ಪಿಜ್ಜಾ, ಜೆಲಾತೊ ಅಂಗಡಿ ಇರುವುದಕ್ಕೆ ಅದೂ ಒಂದು ಕಾರಣ. ಮ್ಯೂನಿಕ್‌ನವರು ತಮ್ಮೂರನ್ನು 'ಇಟಲಿಯ ಉತ್ತರದ ತುದಿಯ ಊರು' ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮಿಲಾನ್‌ನವರು ಹಾಗೆ ಹೇಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ನಾನು ಶುದ್ಧ ಸಸ್ಯಾಹಾರಿ. ಎಲ್ಲಿ ಸುಲಭ?

ಊರಲ್ಲಿ ಎಲ್ಲರೂ 'ಇಟಲಿ ಅಂದ್ರೆ ಪಿಜ್ಜಾ-ಪಾಸ್ತಾ, ಆರಾಮ. ಜರ್ಮನಿ ಅಂದ್ರೆ ಬರೀ ಸಾಸೇಜು' ಅನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡುವವರಿಗೆ ನನ್ನ ಉತ್ತರ ಉಲ್ಟಾ: ಮ್ಯೂನಿಕ್ಕೇ ಸುಲಭ. ಯಾಕೆಂದರೆ ಅಲ್ಲಿ ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಪೊಟ್ಟಣದ ಮೇಲೆ ಹಳದಿ-ಹಸಿರು ಎಲೆಯ ಗುರುತು, ಮೆನುವಿನಲ್ಲಿ 'ವೆಗೆಟಾರಿಶ್', 'ವೆಗಾನ್' ಅಂತ ಬೇರೆ ಪಟ್ಟಿ. ಓದಿದರೆ ಸಾಕು.

ಮಿಲಾನ್‌ನಲ್ಲಿ ಬಾಯಿಬಿಟ್ಟು ಕೇಳಬೇಕು. ಊರಿನ ಹೆಸರಾಂತ ಹಳದಿ ರಿಸೊಟ್ಟೊ ಇದೆಯಲ್ಲ, ನೋಡಿದರೆ ಕೇಸರಿ ಹಾಕಿದ ಅನ್ನ, ಬೆಣ್ಣೆ, ಚೀಸು, ಅಷ್ಟೇ ಅನ್ನಿಸುತ್ತದೆ. ಹಳೇ ಪದ್ಧತಿಯಲ್ಲಿ ಅದನ್ನು ಶುರು ಮಾಡುವುದೇ ದನದ ಮೂಳೆಯ ಮಜ್ಜೆಯಲ್ಲಿ ಈರುಳ್ಳಿ ಬಾಡಿಸಿ. ಬೇಯಿಸುವುದು ಮಾಂಸದ ಸಾರಿನಲ್ಲಿ. ಮೆನುವಿನಲ್ಲಿ ಅದೇನೂ ಬರೆದಿರುವುದಿಲ್ಲ, ಯಾಕೆಂದರೆ ಅವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ. 'ಬ್ರೋದೊ ವೆಜಿತಾಲೆ?' ಅಂತ ಕೇಳಿ, ಅಂದರೆ ತರಕಾರಿ ಸಾರಾ ಅಂತ. 'ಸ್ತ್ರುತ್ತೊ' ಅಂದರೆ ಹಂದಿ ಕೊಬ್ಬು. ಪಿಯಾದೀನಾ ರೊಟ್ಟಿಯಲ್ಲಿ, ಕೆಲವು ಫೊಕಾಚ್ಚಾ ಬ್ರೆಡ್ಡಿನಲ್ಲಿ ಅದು ಇರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗೆ ಹೋಗಿ ಅಡುಗೆಯವರನ್ನೇ ಕರೆದುಕೊಂಡು ಬಂದವರೂ ಉಂಟು.

ಹಾಗಂತ ಮ್ಯೂನಿಕ್‌ನಲ್ಲಿ ಗುಂಡಿಗಳೇ ಇಲ್ಲ ಅಂತಲ್ಲ. ದೊಡ್ಡ ಗುಂಡಿ ಆಲೂಗಡ್ಡೆ ಸಲಾಡು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅದಕ್ಕೆ ಮೇಯನೇಸ್ ಹಾಕುವುದಿಲ್ಲ, ವಿನೆಗರ್ ಜೊತೆ ಬಿಸಿ ಸಾರು ಸುರಿಯುತ್ತಾರೆ. ಆ ಸಾರು ಹೆಚ್ಚಾಗಿ ಮಾಂಸದ್ದು. 'ಶ್ಮಾಲ್ಟ್ಸ್' ಅಂತ ಕಂಡರೆ ಹಂದಿ ಕೊಬ್ಬಿರಬಹುದು, 'ಶ್ಪೆಕ್' ಅಂದರೆ ಹಂದಿಮಾಂಸದ ಚೂರು. ಮೆತ್ತನೆ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು.

ಇನ್ನು ಚೀಸು. ಪಾರ್ಮಿಜಾನೊ, ಗ್ರಾನಾ ಪಾದಾನೊ, ಗೊರ್ಗೊನ್ಜೋಲಾ ಮೂರಕ್ಕೂ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ಇದು ಗೊತ್ತಾದ ಮೇಲೆ ಕೆಲವರು ಬಿಡುತ್ತಾರೆ, ಕೆಲವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿಮ್ಮಿಷ್ಟ. ಬೇಡ ಅನ್ನುವವರಿಗೆ ಮಸ್ಕರ್ಪೋನೆ ಇದೆ. ಮಿಲಾನ್ ಪಕ್ಕದ ಲೋದಿ ಕಡೆಯದು, ಕೆನೆಗೆ ಹುಳಿ ಹಾಕಿ ಮಾಡುವುದು, ರೆನೆಟ್ ಬೇಕಾಗಿಲ್ಲ. ಜರ್ಮನಿಯಲ್ಲಿ ಬಹಳ ಚೀಸುಗಳ ಮೇಲೆ 'ಮಿಕ್ರೋಬಿಯೆಲ್' ಅಂತ ಬರೆದಿರುತ್ತಾರೆ, ಅಂದರೆ ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್, ಅದನ್ನು ತಗೊಳ್ಳಿ. ಅಂದಹಾಗೆ, ಆ ಗ್ರಾನಾ ಪಾದಾನೊ ಚೀಸಿಗೆ ಹಾಲು ಕೊಡುವ ಪೋ ಬಯಲಿನ ಕೊಟ್ಟಿಗೆಗಳಲ್ಲಿ ದುಡಿಯುವವರಲ್ಲಿ ಪಂಜಾಬಿನ ಸಿಖ್ಖರು ಬಹಳ. ಮಿಲಾನ್‌ನಿಂದ ಆಗ್ನೇಯಕ್ಕೆ, ಕ್ರೆಮೋನಾ ಜಿಲ್ಲೆಯ ಪೆಸ್ಸಿನಾದಲ್ಲಿ ಅವರದೇ ದೊಡ್ಡ ಗುರುದ್ವಾರ 2011ರಲ್ಲಿ ತೆರೆಯಿತು.

ಹಾಗಾದರೆ ಸಸ್ಯಾಹಾರಿಗಳು ತಿನ್ನಲೇಬೇಕಾದ ಸ್ಥಳೀಯ ಅಡುಗೆ ಯಾವುದು?

ಮ್ಯೂನಿಕ್‌ನಲ್ಲಿ ಕೇಸೆಶ್ಪೇಟ್ಸ್ಲೆ. ಮೊಟ್ಟೆ ಹಾಕಿದ ಹಿಟ್ಟನ್ನು ತೂತಿನ ಹಲಗೆಯ ಮೇಲೆ ಉಜ್ಜಿ ಕುದಿಯುವ ನೀರಿಗೆ ಬೀಳಿಸುತ್ತಾರೆ. ಮೇಲೆ ಬಂದ ತುಣುಕುಗಳನ್ನು ಚೀಸಿನ ಜೊತೆ ಪದರ ಪದರವಾಗಿ ಹಾಕಿ, ಕೊನೆಗೆ ಕೆಂಪಗೆ ಹುರಿದ ಈರುಳ್ಳಿ. ಚಳಿಗಾಲದಲ್ಲಿ ಇದರ ಮುಂದೆ ಬೇರೆ ಯಾವುದೂ ಇಲ್ಲ. ಅಣಬೆ ಗೊಜ್ಜಿನ ಜೊತೆ ಕೊಡುವ ಬ್ರೆಡ್ಡಿನ ಉಂಡೆ, ಸೆಮೆಲ್‌ಕ್ನ್ಯೋಡೆಲ್, ಅದೂ ಚೆನ್ನ. ಬ್ರೇಟ್ಸೆ ರೊಟ್ಟಿಗೆ ಒಬಾಟ್ಸ್ಡಾ ಅನ್ನುವ ಚೀಸಿನ ಚಟ್ನಿ. ಏಪ್ರಿಲ್‌ನಿಂದ ಜೂನ್ 24ರವರೆಗೆ ಇಡೀ ಊರು ಬಿಳಿ ಶತಾವರಿ ಕಡ್ಡಿಯ ಹಿಂದೆ ಬಿದ್ದಿರುತ್ತದೆ. 24ಕ್ಕೆ ಸೀಸನ್ ಮುಗಿಯಿತು ಅಂದರೆ ಮುಗಿಯಿತು.

ಮಿಲಾನ್‌ನಲ್ಲಿ ನನ್ನ ಆಯ್ಕೆ ಪಿಜ್ಜೊಕ್ಕೆರಿ. ಮಿಲಾನ್‌ನ ಉತ್ತರದ ವಾಲ್ತೆಲ್ಲೀನಾ ಕಣಿವೆಯದು. ಬಕ್‌ವೀಟ್ ಹಿಟ್ಟಿನ ದಪ್ಪ ಪಟ್ಟಿ, ಕೋಸು, ಆಲೂಗಡ್ಡೆ, ಚೀಸು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಣ್ಣೆ. ಬೆಣ್ಣೆ ಎಷ್ಟು ಅಂತ ಕೇಳಬೇಡಿ. ಕುಂಬಳಕಾಯಿ ರಿಸೊಟ್ಟೊ ಸಹ ಬಿಡಬೇಡಿ.

ಇನ್ನೊಂದು ಜಾಗ ಹೇಳಲೇಬೇಕು: ಪೋರ್ತಾ ವೆನೆತ್ಸಿಯಾ ಬಡಾವಣೆ. ಎರಿಟ್ರಿಯಾ, ಇಥಿಯೋಪಿಯಾದವರು ಎಷ್ಟೋ ವರ್ಷಗಳಿಂದ ಅಲ್ಲಿ ನೆಲೆಸಿ ಊಟದ ಮನೆ ನಡೆಸುತ್ತಿದ್ದಾರೆ. ಟೆಫ್ ಅನ್ನುವ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ಇಂಜೆರಾ ನಮ್ಮ ಹುಳಿ ದೋಸೆಯ ಅಣ್ಣನ ಹಾಗಿರುತ್ತದೆ. ಅದರ ಮೇಲೆ ಬೇಳೆ, ಕಡಲೆ ಹಿಟ್ಟಿನ ಗೊಜ್ಜು, ಸೊಪ್ಪಿನ ಪಲ್ಯ ಬಡಿಸುತ್ತಾರೆ. ಅವರ ಚರ್ಚಿನ ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮೂರೂ ನಿಷಿದ್ಧ. ಅದಕ್ಕೆ 'ಉಪವಾಸದ ಊಟ' ಅಂತ ಕೇಳಿದರೆ ಸಾಕು. ಚಮಚ ಇಲ್ಲ, ಕೈಯಲ್ಲೇ ತಿನ್ನಬೇಕು. ಮನೆ ನೆನಪಾಗಿ ಮಂಕಾದವರನ್ನು ನಾನು ನೇರ ಅಲ್ಲಿಗೆ ಕಳಿಸುತ್ತೇನೆ.

ಮೊಟ್ಟೆ ತಿನ್ನುವುದಿಲ್ಲ. ಪಾಸ್ತಾ ತಿನ್ನಬಹುದಾ?

ಒಣ ಪಾಸ್ತಾ ಬಹುತೇಕ ಬರೀ ಗೋಧಿ ರವೆ ಮತ್ತು ನೀರು, ತಿನ್ನಬಹುದು. ಫ್ರಿಜ್ಜಿನಲ್ಲಿಟ್ಟು ಮಾರುವ 'ಫ್ರೆಸ್ಕಾ' ಪಾಸ್ತಾದಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ, 'ವೋವೊ' ಅನ್ನುವ ಪದ ಹುಡುಕಿ. ಶ್ಪೇಟ್ಸ್ಲೆ, ಕ್ನ್ಯೋಡೆಲ್, ಮಿಲಾನ್‌ನ ಕ್ರಿಸ್‌ಮಸ್ ಸಿಹಿ ಬ್ರೆಡ್ಡು ಪಾನೆತ್ತೊನೆ, ಮೂರರಲ್ಲೂ ಮೊಟ್ಟೆ ಇದೆ. ಗ್ರಾನಾ ಪಾದಾನೊ ಚೀಸಿಗೂ ಮೊಟ್ಟೆಯಿಂದ ತೆಗೆದ ಲೈಸೋಜೈಮ್ ಹಾಕುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮಾಂಸ ತಿನ್ನುತ್ತೇನೆ, ದನದ ಮಾಂಸ ಮಾತ್ರ ಬೇಡ.

ಜರ್ಮನ್‌ನಲ್ಲಿ 'ರಿಂಡ್', 'ಕಾಲ್ಬ್' ಎರಡನ್ನೂ ನೋಡಿಕೊಳ್ಳಿ. ಕಾಲ್ಬ್ ಅಂದರೆ ಕರು. ಇಟಾಲಿಯನ್‌ನಲ್ಲಿ 'ಮಾನ್ಜೊ', 'ವಿತೆಲ್ಲೊ'. ಮ್ಯೂನಿಕ್‌ನ ಬಿಳಿ ಸಾಸೇಜು ವೈಸ್‌ವುರ್ಸ್ಟ್ ನೋಡಲು ಕೋಳಿಯದ್ದರ ಹಾಗಿದ್ದರೂ ಅದು ಕರುವಿನ ಮತ್ತು ಹಂದಿಯ ಮಾಂಸ. ಅದನ್ನು ಮಧ್ಯಾಹ್ನ 12ರ ಗಂಟೆ ಹೊಡೆಯುವುದರೊಳಗೆ ತಿಂದು ಮುಗಿಸಬೇಕು ಅನ್ನುವುದು ಊರಿನ ಕಟ್ಟಳೆ. ಫ್ರಿಜ್ ಇಲ್ಲದ ಕಾಲದಲ್ಲಿ ಹುಟ್ಟಿದ್ದು. ಮಿಲಾನ್‌ನ ಒಸ್ಸೊಬುಕೊ ಕರುವಿನ ಕಾಲು. ಕೊತೊಲೆತ್ತಾ ಕೂಡ ಕರುವೇ, ಮೂಳೆ ಸಮೇತ ಬೆಣ್ಣೆಯಲ್ಲಿ ಕರಿಯುತ್ತಾರೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಶ್ನಿಟ್ಸೆಲ್ (ಬ್ರೆಡ್ ಪುಡಿ ಹಚ್ಚಿ ಕರಿದ ಮಾಂಸದ ಹೋಳು) ಮೊದಲೋ ಮಿಲಾನ್‌ನ ಕೊತೊಲೆತ್ತಾ ಮೊದಲೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. 1859ರವರೆಗೆ ಮಿಲಾನ್ ಆಸ್ಟ್ರಿಯಾದ ಕೈಯಲ್ಲಿತ್ತು, ಅದಕ್ಕೇ ಈ ತಕರಾರು. ಮ್ಯೂನಿಕ್‌ನಲ್ಲಿ ಶ್ನಿಟ್ಸೆಲ್ ಮುಂದೆ 'ವೀನರ್ ಆರ್ಟ್' ಅಂತಿದ್ದರೆ ಸಾಮಾನ್ಯವಾಗಿ ಹಂದಿ, ಬರೀ 'ವೀನರ್' ಅಂತಿದ್ದರೆ ಕರು.

ಅನ್ನ ಇಲ್ಲದೆ ಬದುಕೋಕಾಗಲ್ಲ. ರಿಸೊಟ್ಟೊ ಸಾಕಾಗುತ್ತಾ?

ಐರೋಪ್ಯ ಒಕ್ಕೂಟದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ. ಅದರಲ್ಲೂ ಮಿಲಾನ್ ಸುತ್ತಲಿನ ಲೊಂಬಾರ್ದಿ, ಪಕ್ಕದ ಪಿಯೆಮೊಂತೆಯಲ್ಲೇ ಬಹುಪಾಲು. ಮೇ ತಿಂಗಳಲ್ಲಿ ಮಿಲಾನ್‌ನಿಂದ ಪವೀಯಾ ಕಡೆ ರೈಲಿನಲ್ಲಿ ಹೋದರೆ ನೀರು ನಿಂತ ಗದ್ದೆಗಳು ಕಾಣುತ್ತವೆ. ಮಂಡ್ಯದವರು ಕಿಟಕಿ ಬಿಟ್ಟು ಏಳುವುದಿಲ್ಲ.

ಆದರೆ ರಿಸೊಟ್ಟೊ ನಮ್ಮ ಅನ್ನದ ದಾರಿಯಲ್ಲೇ ಬರುವುದಿಲ್ಲ. ಕಾರ್ನಾರೋಲಿ ಅಥವಾ ಆರ್ಬೋರಿಯೊ ಅಕ್ಕಿಯನ್ನು ತೊಳೆಯುವುದೇ ಇಲ್ಲ. ತೊಳೆದರೆ ಗಂಜಿಯ ಅಂಶ ಹೋಗುತ್ತದೆ, ಅವರಿಗೆ ಬೇಕಾದದ್ದೇ ಅದು. ಅಕ್ಕಿ ಹುರಿದು, ಸೌಟು ಸೌಟಾಗಿ ಬಿಸಿ ಸಾರು ಹಾಕುತ್ತಾ ಹದಿನೇಳು ಹದಿನೆಂಟು ನಿಮಿಷ ಒಲೆ ಬಿಟ್ಟು ಅಲುಗುವಂತಿಲ್ಲ. ಕೊನೆಗೆ ಒಲೆ ಆರಿಸಿ ತಣ್ಣನೆ ಬೆಣ್ಣೆ, ಚೀಸು ಹಾಕಿ ಜೋರಾಗಿ ಕಲಸುತ್ತಾರೆ. ತಟ್ಟೆಗೆ ಹಾಕಿ ಅಲ್ಲಾಡಿಸಿದರೆ ಅಲೆಯ ಹಾಗೆ ಹರಿಯಬೇಕು. ಅಕ್ಕಿಯ ನಡುವೆ ಒಂದಿಷ್ಟು ಗಟ್ಟಿ ಉಳಿದಿರುತ್ತದೆ. 'ಬೆಂದಿಲ್ಲ' ಅಂತ ವಾಪಸ್ ಕಳಿಸಬೇಡಿ, ಅದೇ ಅವರ ಹದ.

ದಿನದ ಅನ್ನಕ್ಕೆ ಎರಡೂ ಊರಲ್ಲಿ ಬಾಸ್ಮತಿ, ಥಾಯ್ ಅಕ್ಕಿ ಎಲ್ಲ ಸೂಪರ್‌ಮಾರ್ಕೆಟಿನಲ್ಲೂ ಸಿಗುತ್ತದೆ. ಸೋನಾ ಮಸೂರಿಗೆ ಭಾರತೀಯ ಅಂಗಡಿಗೇ ಹೋಗಬೇಕು. ಮೊಸರನ್ನಕ್ಕೆ ಜರ್ಮನಿಯ 'ಮಿಲ್ಶ್‌ರೈಸ್' ಅಕ್ಕಿ ಚೆನ್ನಾಗಿ ಹೊಂದುತ್ತದೆ, ಅಗ್ಗವೂ ಹೌದು.

ಕಾಲೇಜಿನ ಕ್ಯಾಂಟೀನ್ ಹೇಗಿರುತ್ತದೆ?

ಎರಡೂ ಕಡೆ ಅದರ ಹೆಸರು ಮೆನ್ಸಾ. ಮ್ಯೂನಿಕ್‌ನಲ್ಲಿ ದಿನದ ಪಟ್ಟಿ ಮೊದಲೇ ಆ್ಯಪ್‌ನಲ್ಲಿ ಬರುತ್ತದೆ. ಹಂದಿ, ದನ, ಸಸ್ಯಾಹಾರ, ವೀಗನ್ ಅಂತ ಪ್ರತಿ ಅಡುಗೆಗೂ ಗುರುತು. ರುಚಿ? ಹೊಟ್ಟೆ ತುಂಬುತ್ತದೆ. ಮಧ್ಯಾಹ್ನ ಎರಡಾದ ಮೇಲೆ ಹೋದರೆ ತಟ್ಟೆ ತೊಳೆಯುವ ಸದ್ದು ಮಾತ್ರ. ಮಿಲಾನ್‌ನಲ್ಲಿ ಊಟ ಒಂದು ಕ್ರಮದಲ್ಲಿ ಬರುತ್ತದೆ: ಮೊದಲು ಪಾಸ್ತಾ ಅಥವಾ ಅನ್ನ, ಆಮೇಲೆ ಮಾಂಸ ಅಥವಾ ಮೊಟ್ಟೆ, ಪಕ್ಕಕ್ಕೆ ತರಕಾರಿ, ಕೊನೆಗೆ ಹಣ್ಣು. ಕ್ಯಾಂಟೀನಿನಲ್ಲೂ ಹಾಗೇ. ಅಲ್ಲಿ ಪ್ರಾದೇಶಿಕ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕವರಿಗೆ ಊಟದ ಸೌಲಭ್ಯವೂ ಸೇರಿರುತ್ತದೆ. ಅದಕ್ಕೆ ಮನೆಯ ಆದಾಯ, ಆಸ್ತಿಯ ದಾಖಲೆ ಬೇಕು. ಊರಿನಲ್ಲಿರುವಾಗಲೇ ಅನುವಾದ ಮಾಡಿಸಿಟ್ಟುಕೊಳ್ಳಿ.

ಊಟದ ಹೊತ್ತು?

ಮ್ಯೂನಿಕ್‌ನಲ್ಲಿ ಮಧ್ಯಾಹ್ನ 12, ಸಂಜೆ 6-7. ರಾತ್ರಿ ಊಟ ಬಹಳ ಮನೆಗಳಲ್ಲಿ ಬರೀ ಬ್ರೆಡ್ಡು, ಚೀಸು, ಸೌತೆಕಾಯಿ. 'ಊಟಕ್ಕೆ ಬಾ' ಅಂತ ಕರೆದು ತಣ್ಣನೆ ಬ್ರೆಡ್ಡು ಕೊಟ್ಟರಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ, ಅವರು ದಿನಾ ತಿನ್ನುವುದೇ ಅದು. ಮಿಲಾನ್‌ನಲ್ಲಿ ರಾತ್ರಿ ಎಂಟು ಎಂಟೂವರೆಗೆ ಮುಂಚೆ ಊಟದ ಮಾತಿಲ್ಲ. ಮಧ್ಯಾಹ್ನ ಎರಡೂವರೆಯಿಂದ ಏಳರ ತನಕ ಬಹಳ ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ. ಈ ವಿಷಯದಲ್ಲಿ ಬೆಂಗಳೂರಿನವರಿಗೆ ಮಿಲಾನೇ ಸರಿ.

ಕಾಫಿ ಎಲ್ಲಿ ಚೆನ್ನ?

ಇದೂ ಒಂದು ಪ್ರಶ್ನೆಯಾ? ಮಿಲಾನ್. ನಿಂತುಕೊಂಡೇ ಕುಡಿಯಬೇಕು, ಎಸ್ಪ್ರೆಸೊಗೆ ಒಂದೂಕಾಲು ಒಂದೂವರೆ ಯೂರೋ. ಅದೇ ಕಾಫಿಯನ್ನು ಕುರ್ಚಿಯಲ್ಲಿ ಕೂತು ಕುಡಿದರೆ ದರ ಏರುತ್ತದೆ, ದುವೊಮೊ ಚರ್ಚಿನ ಸುತ್ತಮುತ್ತ ಆದರೆ ಇನ್ನೂ ಜಾಸ್ತಿ. ಕೆಲವು ಕಡೆ ಮೊದಲು ಕ್ಯಾಷಿಯರ್ ಹತ್ತಿರ ದುಡ್ಡು ಕೊಟ್ಟು ಚೀಟಿ ತರಬೇಕು, ನಮ್ಮ ದರ್ಶಿನಿಗಳಲ್ಲಿ ಮಾಡುವಂತೆಯೇ. ಹಾಲಿನ ಕಾಫಿ ಬೆಳಿಗ್ಗೆಗೆ ಮಾತ್ರ. ಊಟ ಆದ ಮೇಲೆ ಕಪುಚೀನೊ ಕೇಳಿದರೆ ಕೊಡುತ್ತಾರೆ, ಜೊತೆಗೆ ಒಂದು ನೋಟವನ್ನೂ ಕೊಡುತ್ತಾರೆ.

ರೂಮಿಗೆ ಒಂದು ಮೋಕಾ ಪಾತ್ರೆ ತಗೊಳ್ಳಿ. 1933ರಲ್ಲಿ ಬಿಯಾಲೆತ್ತಿ ಕಂಪನಿ ತಂದ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ ಅದು. ಅದರಲ್ಲಿ ಇಳಿದ ಡಿಕಾಕ್ಷನ್‌ಗೆ ಕುದಿಯುವ ಹಾಲು, ಸಕ್ಕರೆ. ಚಿಕೋರಿ ಇಲ್ಲದಿದ್ದರೂ ಬೆಳಗಿನ ಚಟ ತೀರುತ್ತದೆ. ಮ್ಯೂನಿಕ್‌ಗೂ ನಾನು ಅದನ್ನೇ ಹೊತ್ತುಕೊಂಡು ಬಂದೆ. ಮ್ಯೂನಿಕ್‌ನವರ ಶಕ್ತಿ ಇರುವುದು ಮಧ್ಯಾಹ್ನ ಕಾಫಿ ಜೊತೆ ಕೊಡುವ ಕೇಕಿನಲ್ಲಿ.

ನಾನು ಕುಡಿಯುವುದಿಲ್ಲ. ಮ್ಯೂನಿಕ್‌ನಲ್ಲಿ ಒಂಟಿಯಾಗಿಬಿಡುತ್ತೇನಾ?

ಇಲ್ಲ. ಬೀರ್‌ಗಾರ್ಟನ್ ಅಂದರೆ ಮ್ಯೂನಿಕ್‌ನ ಅಂಗಳ ಇದ್ದಂತೆ, ಕುಡಿಯುವವರಿಗೆ ಮಾತ್ರ ಅಂತ ತಪ್ಪು ತಿಳಿಯಬೇಡಿ. ಅಜ್ಜ-ಅಜ್ಜಿ, ಕೈಗೂಸು, ನಾಯಿ ಎಲ್ಲರೂ ಇರುತ್ತಾರೆ. ಅದರ ಹಿಂದೊಂದು ಒಳ್ಳೇ ಕತೆ ಇದೆ. ಬಿಯರ್ ಮಾಡುವವರು ಪೀಪಾಯಿಗಳನ್ನು ತಂಪಾಗಿಡಲು ನೆಲಮಾಳಿಗೆ ತೋಡಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ನೆಟ್ಟಿದ್ದರು. ಜನ ಅಲ್ಲೇ ಕೂತು ಕುಡಿಯತೊಡಗಿದರು. ಊರೊಳಗಿನ ಹೋಟೆಲಿನವರು ವ್ಯಾಪಾರ ಹೋಯಿತು ಅಂತ ರಾಜನಿಗೆ ದೂರು ಕೊಟ್ಟರು. 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಯೋಸೆಫ್ ಪಂಚಾಯ್ತಿ ಮಾಡಿದ: ಅಲ್ಲಿ ಬಿಯರ್ ಮಾರಿಕೊಳ್ಳಿ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರಬೇಡಿ. ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಊಟ ಮಾರುವ ನಿಷೇಧ ಆಮೇಲೆ ಹೋಯಿತು, ಬುತ್ತಿಯ ಪದ್ಧತಿ ಉಳಿಯಿತು. ಬವೇರಿಯಾ ಸರ್ಕಾರದ 1999ರ ಬೀರ್‌ಗಾರ್ಟನ್ ನಿಯಮದಲ್ಲೂ ಅದು ಸೇರಿದೆ.

ಹಾಗಾಗಿ ಡಬ್ಬಿಯಲ್ಲಿ ಚಿತ್ರಾನ್ನ ತಗೊಂಡು ಹೋಗಿ, ಕೂತು ತಿನ್ನಿ. ಕುಡಿಯಲು ಮಾತ್ರ ಅಲ್ಲೇ ಏನಾದರೂ ಕೊಳ್ಳಬೇಕು. ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಇದೆ, ಕೋಲಾ-ಕಿತ್ತಳೆ ಬೆರೆತ ಶ್ಪೆಟ್ಸಿ ಇದೆ. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಸಪ್ಲೈಯರ್ ಬರುವ ಜಾಗ, ಅಲ್ಲಿ ಬುತ್ತಿ ಬಿಚ್ಚಬೇಡಿ. ಬೋಳು ಮರದ ಮೇಜು ನಿಮ್ಮದು. ಹಿರ್ಶ್‌ಗಾರ್ಟನ್ ಅನ್ನುವ ಬೀರ್‌ಗಾರ್ಟನ್‌ನಲ್ಲಿ ಸುಮಾರು 8,000 ಜನಕ್ಕೆ ಜಾಗ ಇದೆ, ಆದರೂ ಬಿಸಿಲು ಬಂದ ದಿನ ಬೇರೆಯವರ ಮೇಜಿಗೇ ಸೇರಿಕೊಳ್ಳಬೇಕಾಗುತ್ತದೆ. 'ಇಸ್ಟ್ ಹಿಯರ್ ಫ್ರೈ?' ಅಂತ, ಅಂದರೆ ಜಾಗ ಖಾಲಿ ಇದೆಯಾ ಅಂತ, ಕೇಳಿ ಕೂತರೆ ಆಯಿತು. ಎದುರಿನ ಅಜ್ಜ ನಿಮ್ಮ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡುತ್ತಾನೆ, ಆಮೇಲೆ ಏನದು ಅಂತ ಕೇಳಿಯೇ ಕೇಳುತ್ತಾನೆ. ನಿಂಬೆಹುಳಿ, ಅರಿಸಿನ, ಕಡಲೆಕಾಯಿ ಅಂತ ಹೇಳುವಷ್ಟರಲ್ಲಿ ನಿಮ್ಮ ಮುರುಕು ಜರ್ಮನ್‌ಗೆ ಒಳ್ಳೇ ಅಭ್ಯಾಸ ಆಗಿರುತ್ತದೆ.

ಮಿಲಾನ್‌ನ ಅಪೆರಿತಿವೊ ಅಂದರೆ ಏನು?

ಸಂಜೆ ಆರರಿಂದ ಒಂಬತ್ತರ ನಡುವೆ ಒಂದು ಗ್ಲಾಸು ಕುಡಿಯುವುದು, ಜೊತೆಗೆ ಆಲಿವ್, ಚಿಪ್ಸು, ಸಣ್ಣ ಬ್ರೆಡ್ ತುಂಡು. ಕ್ಯಾಂಪಾರಿ ಅನ್ನುವ ಕೆಂಪು ಕಹಿ ಮದ್ಯದ ಕಂಪನಿ ಈ ಊರಿನದೇ. ಗ್ಲಾಸಿಗೆ ಹತ್ತು ಹನ್ನೆರಡು ಯೂರೋ ಆದರೂ ಕೆಲವು ಕಡೆ ತಿಂಡಿ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ವಿದ್ಯಾರ್ಥಿಗಳು ಅದನ್ನೇ ರಾತ್ರಿಯೂಟ ಮಾಡಿಬಿಡುತ್ತಾರೆ. ಮದ್ಯ ಬೇಡದವರು 'ಅನಾಲ್ಕೋಲಿಕೊ' ಅನ್ನಿ. ನವೀಲ್ಯಿ ಕಾಲುವೆಯ ದಂಡೆ ಇದಕ್ಕೆ ಹೆಸರುವಾಸಿ, ಆದರೆ ಬೇಸಿಗೆಯಲ್ಲಿ ಸೊಳ್ಳೆ ಕಾಟ ಭಯಂಕರ.

ಹೋಟೆಲ್ ಬಿಲ್ಲಿನಲ್ಲಿ ಏನೇನು ಸೇರಿರುತ್ತದೆ?

ಮಿಲಾನ್‌ನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಮೂರು ಯೂರೋ ಹಾಕುತ್ತಾರೆ, ಮೇಜಿಗೆ ಕೂತದ್ದಕ್ಕೆ. ಮೋಸ ಅಲ್ಲ, ಮೆನುವಿನಲ್ಲೇ ಬರೆದಿರುತ್ತದೆ. ಟಿಪ್ಸ್ ಬೇಕಾಗಿಲ್ಲ. ಮ್ಯೂನಿಕ್‌ನಲ್ಲಿ ಶೇಕಡ 5-10 ಟಿಪ್ಸ್ ರೂಢಿ. ಮೇಜಿನ ಮೇಲೆ ಬಿಟ್ಟು ಬರುವುದಿಲ್ಲ. ಬಿಲ್ 18.40 ಆಗಿದ್ದರೆ ದುಡ್ಡು ಕೊಡುವಾಗಲೇ '20' ಅಂತ ಹೇಳುತ್ತಾರೆ. ನೀರು ಎರಡೂ ಕಡೆ ಬಿಟ್ಟಿ ಅಲ್ಲ, ಕೆಲವೊಮ್ಮೆ ಬಿಯರಿಗಿಂತ ದುಬಾರಿ ಅನ್ನಿಸುತ್ತದೆ. ಎರಡೂ ಊರಲ್ಲಿ ನಲ್ಲಿ ನೀರು ಕುಡಿಯಬಹುದು. ಮಿಲಾನ್‌ನ ಪಾರ್ಕು, ಚೌಕಗಳಲ್ಲಿ ಹಸಿರು ಬಣ್ಣದ ನಲ್ಲಿಕಂಬಗಳಿವೆ, ಬಾಟಲಿ ತುಂಬಿಸಿಕೊಳ್ಳಿ. ಮ್ಯೂನಿಕ್‌ನ ಸಣ್ಣ ಅಂಗಡಿಗಳಿಗೆ ನಗದು ಇಟ್ಟುಕೊಂಡೇ ಹೋಗಿ.

ಮನೆಯಲ್ಲೇ ಅಡುಗೆ ಮಾಡಿಕೊಳ್ಳುತ್ತೇನೆ. ಸಾಮಾನು ಸಿಗುತ್ತಾ?

ಸಿಗುತ್ತದೆ. ಮ್ಯೂನಿಕ್‌ನಲ್ಲಿ ಮುಖ್ಯ ನಿಲ್ದಾಣದ ದಕ್ಷಿಣಕ್ಕಿರುವ ಲಾಂಡ್‌ವೇರ್, ಗ್ಯೋಟೆ ಬೀದಿಗಳ ಟರ್ಕಿ, ಅರಬ್ಬೀ ಅಂಗಡಿಗಳಿಗೆ ಹೋಗಿ. ಸೂಪರ್‌ಮಾರ್ಕೆಟಿನಲ್ಲಿ ನಾಲ್ಕು ಕಡ್ಡಿ ಕೊತ್ತಂಬರಿಗೆ ಕೊಡುವ ದುಡ್ಡಿಗೆ ಅಲ್ಲಿ ದೊಡ್ಡ ಕಟ್ಟೇ ಬರುತ್ತದೆ. ಹಸಿಮೆಣಸಿನಕಾಯಿ, ಬದನೆ, ಬೆಂಡೆ ಸಹ ಇರುತ್ತವೆ. ಕೆಂಪು ಮಸೂರ ಬೇಳೆ ಎಲ್ಲ ಕಡೆ ಸಿಗುತ್ತದೆ, ತೊಗರಿಬೇಳೆಗೆ ಭಾರತೀಯ ಅಂಗಡಿ.

ಉಪ್ಪಿಟ್ಟಿನ ರವೆ ಬಗ್ಗೆ ಬಹಳ ಜನ ಕೇಳುತ್ತಾರೆ. ಜರ್ಮನಿಯಲ್ಲಿ 'ವೈಖ್‌ವೈಟ್ಸೆನ್‌ಗ್ರೀಸ್' ತಗೊಳ್ಳಿ, ಅದು ನಮ್ಮ ಬಾಂಬೆ ರವೆಗೆ ಹತ್ತಿರ. ಇಟಲಿಯಲ್ಲಿ 'ಸೆಮೊಲೀನೊ'. 'ಸೆಮೊಲಾ ರಿಮಾಚಿನಾತಾ' ಮಾತ್ರ ಬೇಡ. ಎರಡು ಸಲ ಬೀಸಿದ್ದು, ಉಪ್ಪಿಟ್ಟು ಹೋಗಿ ಅಂಟು ಆಗುತ್ತದೆ.

ಒಗ್ಗರಣೆ ಹಾಕುವಾಗ ಹುಷಾರು. ಬವೇರಿಯಾದ ಮನೆಗಳಲ್ಲಿ ಹೊಗೆ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿ ಘಾಟಿಗೆ ಅದು ಕೂಗಿಕೊಂಡರೆ ಇಡೀ ಮಹಡಿಯೇ ಬಾಗಿಲಿಗೆ ಬರುತ್ತದೆ. ಎಣ್ಣೆ ಕಾಯುವ ಮೊದಲೇ ಕಿಟಕಿ ಪೂರ್ತಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ. ದಿನಾ ಕಿಟಕಿ ತೆಗೆದು ಗಾಳಿ ಆಡಿಸಬೇಕು ಅಂತ ಬಾಡಿಗೆ ಕರಾರಿನಲ್ಲೇ ಬರೆದಿರುತ್ತಾರೆ. ಸೊನ್ನೆ ಡಿಗ್ರಿ ಚಳಿಯಲ್ಲೂ.

ಭಾನುವಾರ ಏನೂ ಸಿಗಲ್ಲ ಅಂತಾರೆ, ನಿಜಾನಾ?

ಮ್ಯೂನಿಕ್‌ನಲ್ಲಿ ನಿಜ. ವಾರದ ದಿನವೂ ಅಂಗಡಿಗಳು ರಾತ್ರಿ ಎಂಟಕ್ಕೆ ಬಂದ್, ಭಾನುವಾರ ಪೂರ್ತಿ ಬಂದ್. ಬೇಕರಿ ಕೆಲವು ಗಂಟೆ, ರೈಲು ನಿಲ್ದಾಣದ ಒಂದೆರಡು ಅಂಗಡಿ, ಅಷ್ಟೇ. ಭಾನುವಾರ ಡ್ರಿಲ್ಲಿಂಗ್ ಮಾಡುವಂತಿಲ್ಲ, ಗಾಜಿನ ಬಾಟಲಿ ಕಸದ ಡಬ್ಬಕ್ಕೆ ಹಾಕುವಂತಿಲ್ಲ, ಸದ್ದಾಗುತ್ತದೆ ಅಂತ. ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳನ್ನು ಎಸೆಯಬೇಡಿ. ಅಂಗಡಿಯ ಯಂತ್ರಕ್ಕೆ ವಾಪಸ್ ಕೊಟ್ಟರೆ ಒಂದಕ್ಕೆ ಹೆಚ್ಚಾಗಿ 25 ಸೆಂಟ್ ಬರುತ್ತದೆ.

ಮಿಲಾನ್‌ನಲ್ಲಿ ಭಾನುವಾರವೂ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ. ಆದರೆ ಆಗಸ್ಟ್‌ನಲ್ಲಿ, ಅದರಲ್ಲೂ 15ರ ಹಿಂದೆ ಮುಂದೆ, ಊರೇ ರಜೆಗೆ ಹೋಗಿರುತ್ತದೆ. ಬೀಗ ಹಾಕಿದ ಬಾಗಿಲಿಗೆ 'ರಜೆ ಪ್ರಯುಕ್ತ ಮುಚ್ಚಿದೆ' ಅಂತ ಕೈಬರಹದ ಚೀಟಿ.

ಕ್ಲಾಸು, ಪರೀಕ್ಷೆಯ ರೀತಿ ಬೇರೆನಾ?

ಪೂರ್ತಿ ಬೇರೆ. ಮ್ಯೂನಿಕ್‌ನಲ್ಲಿ ವೇಳಾಪಟ್ಟಿಯಲ್ಲಿ ಹತ್ತು ಗಂಟೆ, ಮುಂದೆ 'ಸಿ.ಟಿ.' ಅಂತಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಕ್ಕೆ. ತಡ ಮಾಡುವುದಕ್ಕೂ ನಿಯಮ ಮಾಡಿಟ್ಟಿದ್ದಾರೆ ನೋಡಿ. ಪಾಠ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗಿಣ್ಣಿನಿಂದ ಮೇಜು ಕುಟ್ಟುತ್ತಾರೆ. ಅಂಕ 1.0 ಅಂದರೆ ಅತ್ಯುತ್ತಮ, 5.0 ಅಂದರೆ ಫೇಲು.

ಮಿಲಾನ್‌ನಲ್ಲಿ ಅಂಕ 30ಕ್ಕೆ, 18 ಬಂದರೆ ಪಾಸು. ಬಾಯಿಪರೀಕ್ಷೆ ಜಾಸ್ತಿ, ಬೇರೆ ವಿದ್ಯಾರ್ಥಿಗಳ ಎದುರೇ ಕೇಳುತ್ತಾರೆ. ಬಂದ ಅಂಕ ಇಷ್ಟವಾಗದಿದ್ದರೆ ಬೇಡ ಅಂದು ಇನ್ನೊಮ್ಮೆ ಬರೆಯುವ ಪದ್ಧತಿ ಉಂಟು, ನಮ್ಮವರಿಗೆ ಇದನ್ನು ನಂಬುವುದೇ ಕಷ್ಟ. ಪದವಿ ಬಂದ ದಿನ ತಲೆಗೆ ಲಾರೆಲ್ ಎಲೆಯ ಕಿರೀಟ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಾರೆ. ಸ್ನೇಹಿತರು ಸೇರಿ ಅಶ್ಲೀಲ ಹಾಡು ಹೇಳಿ ಗೋಳುಹೊಯ್ದುಕೊಳ್ಳುತ್ತಾರೆ. ಅಪ್ಪ-ಅಮ್ಮ ಪಕ್ಕದಲ್ಲೇ ನಿಂತು ನಗುತ್ತಿರುತ್ತಾರೆ.

ಎಲ್ಲಿನ ಜನ ಬೇಗ ಹತ್ತಿರವಾಗುತ್ತಾರೆ?

ಮಿಲಾನ್‌ನಲ್ಲಿ ಮೊದಲ ವಾರವೇ ಹೆಸರು ಹಿಡಿದು ಕರೆಯುವವರು ಸಿಗುತ್ತಾರೆ. ದಿನಾ ಹೋಗುವ ಕಾಫಿ ಅಂಗಡಿಯವನಿಗೆ ನಿಮ್ಮ ರುಚಿ ಗೊತ್ತಾಗಿರುತ್ತದೆ. ಆದರೆ 'ಮನೆಗೆ ಬಾ, ಊಟ ಮಾಡೋಣ' ಅಂದದ್ದು ನಿಜವಾಗಿ ನಡೆಯುತ್ತದೆ ಅಂತ ಖಾತ್ರಿ ಇಲ್ಲ. ಮ್ಯೂನಿಕ್‌ನಲ್ಲಿ ತಿಂಗಳುಗಟ್ಟಲೆ ಬರೀ 'ಸೆರ್ವುಸ್', ಅಂದರೆ ನಮಸ್ಕಾರ. ಆಮೇಲೆ ಒಂದು ದಿನ ಮೂರು ವಾರ ಮುಂಚೆಯೇ ತಾರೀಖು ಹೇಳಿ ಊಟಕ್ಕೆ ಕರೆಯುತ್ತಾರೆ. ಆ ತಾರೀಖು ತಪ್ಪುವುದಿಲ್ಲ, ನೀವೂ ತಪ್ಪಿಸಬೇಡಿ.

ಜಗಳದಲ್ಲೂ ವ್ಯತ್ಯಾಸ ಇದೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಿದರೆ ಮ್ಯೂನಿಕ್‌ನಲ್ಲಿ ಬಾಗಿಲಿಗೆ ಚೀಟಿ ಅಂಟಿಸಿರುತ್ತಾರೆ, ಕೆಳಗೆ ಮನೆಯ ನಿಯಮದ ಸಂಖ್ಯೆ ಸಮೇತ. ಮಿಲಾನ್‌ನಲ್ಲಿ ಪಕ್ಕದ ಮನೆ ಅಜ್ಜಿ ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು ಚೆನ್ನಾಗಿ ಬೈದು, ಅದೇ ಉಸಿರಿನಲ್ಲಿ ಊಟ ಆಯ್ತಾ ಅಂತ ಕೇಳುತ್ತಾರೆ. ನನಗೆ ಎರಡನೆಯದೇ ಇಷ್ಟ. ಚೀಟಿಯನ್ನೇ ಮೆಚ್ಚುವ ಗೆಳೆಯರೂ ನನಗಿದ್ದಾರೆ.

ನೋಡಲೇಬೇಕಾದ ಹಬ್ಬ?

ಆಕ್ಟೋಬರ್‌ಫೆಸ್ಟ್ ಅನ್ನುವ ಮ್ಯೂನಿಕ್‌ನ ಬಿಯರ್ ಹಬ್ಬ ಶುರುವಾಗುವುದು ಸೆಪ್ಟೆಂಬರಿನಲ್ಲಿ. 1810ರಲ್ಲಿ ಯುವರಾಜನ ಮದುವೆ ಸಂಭ್ರಮವಾಗಿ ಹುಟ್ಟಿದ್ದು. ವಾರದ ದಿನ ಬೆಳಿಗ್ಗೆ ಹೋಗಿ, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ತಿಂದು, ಸಂಜೆಗೆ ಮುಂಚೆ ಹೊರಟುಬಿಡಿ. ಆ ಸಮಯದಲ್ಲಿ ಹೊಸದಾಗಿ ಬಂದು ರೂಮು ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಮಿಲಾನ್‌ನಲ್ಲಿ ಡಿಸೆಂಬರ್ 7, ಊರಿನ ಸಂತ ಅಂಬ್ರೋಜೊ ಹಬ್ಬ. ಲಾ ಸ್ಕಾಲಾ ಒಪೆರಾ ಮನೆಯ ಸೀಸನ್ ಅಂದೇ ಶುರು. ಅಲ್ಲಿಂದ ಮುಂದೆ ಎಲ್ಲೆಲ್ಲೂ ಪಾನೆತ್ತೊನೆ. ಕ್ರಿಸ್‌ಮಸ್ ಪಾನೆತ್ತೊನೆಯ ಒಂದು ತುಂಡು ಎತ್ತಿಟ್ಟು ಫೆಬ್ರವರಿ 3ರಂದು ತಿಂದರೆ ವರ್ಷವಿಡೀ ಗಂಟಲು ನೋವು ಬರುವುದಿಲ್ಲ ಅಂತ ಮಿಲಾನ್‌ನವರ ನಂಬಿಕೆ. ಒಣಗಿ ಕೊರಡಾಗಿರುತ್ತದೆ, ಆದರೂ ತಿನ್ನುತ್ತಾರೆ.

ಯಾವುದು ಅಗ್ಗ?

ಯಾವುದೂ ಅಲ್ಲ. ಬಾಡಿಗೆಯಲ್ಲಿ ಜರ್ಮನಿಗೆ ಮ್ಯೂನಿಕ್ ಮೊದಲು, ಇಟಲಿಗೆ ಮಿಲಾನ್ ಮೊದಲು.

ಊರಿನಿಂದ ಏನು ತರಬಹುದು, ಏನು ತರಬಾರದು?

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ ಇಲ್ಲ, ಧಾರವಾಡ ಪೇಡ ಇಲ್ಲ, ಬೆಳಗಾವಿ ಕುಂದಾ ಇಲ್ಲ. ಕಸ್ಟಮ್ಸ್‌ನವರು ಬ್ಯಾಗು ತೆಗೆಸಿದರೆ ಕಸದ ಡಬ್ಬಕ್ಕೇ. ತುಪ್ಪಕ್ಕೆ ಚಿಂತೆ ಬೇಡ, ಜರ್ಮನಿಯಲ್ಲಿ 'ಬುಟರ್‌ಶ್ಮಾಲ್ಟ್ಸ್' ಅಂತ ಡಬ್ಬಿಯಲ್ಲಿ ಸಿಗುವುದು ಕಾಯಿಸಿದ ಬೆಣ್ಣೆಯೇ. ಹೆಸರಲ್ಲಿ ಶ್ಮಾಲ್ಟ್ಸ್ ಇದ್ದರೂ ಹಂದಿಗೂ ಇದಕ್ಕೂ ಸಂಬಂಧ ಇಲ್ಲ. ಹಸಿ ಹಣ್ಣು, ತರಕಾರಿ, ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆ, ಅನಾನಸ್, ತೆಂಗಿನಕಾಯಿ, ಖರ್ಜೂರ, ದುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ತಗೊಳ್ಳಿ, ಪುಡಿ ಪೊಟ್ಟಣಗಳ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದಿರಲಿ. ಐದು ಲೀಟರ್ ಕುಕ್ಕರ್ ಬೇಡ, ಮೂರು ಲೀಟರಿನದು ಸಾಕು. ಮ್ಯೂನಿಕ್‌ನಲ್ಲಿ ಒಲೆ ಹೆಚ್ಚಾಗಿ ಕರೆಂಟಿನದು, ಅದಕ್ಕೆ ತಳ ಸಪಾಟಾಗಿರುವ, ಇಂಡಕ್ಷನ್‌ಗೂ ಆಗುವ ಕುಕ್ಕರ್ ನೋಡಿ. ಹೆಚ್ಚುವರಿ ಗ್ಯಾಸ್ಕೆಟ್ ಎರಡು ಇಟ್ಟುಕೊಳ್ಳಿ, ಅದು ಮಾತ್ರ ಎರಡೂ ಊರಲ್ಲಿ ಸುಲಭಕ್ಕೆ ಸಿಗುವುದಿಲ್ಲ.